ಲತಾಮಣಿಯ ಮುಯ್ಯಾಳು

ಲತಾಮಣಿ ಒಂದು ದಿನದ ಕೂಲಿ ಬಾಕಿ ಉಳಿಸಿಕೊಂಡಿದ್ದಳು. ದುಡ್ಡಿನ ಬಾಕಿಯಲ್ಲ, ಮೈದುಡಿಮೆಯದು. ಕೆಂಪಲಕ್ಷ್ಮಮ್ಮ ಬಂದು ಇವಳ ಹೊಲದ ರಾಗಿ ಕುಯ್ದು ಕೊಟ್ಟಿದ್ದಳು. ಹಾರನಹಳ್ಳಿ ಕಡೆ ಮುಯ್ಯಾಳು ಅಂದರೆ ಹಾಗೇ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ಲತಾಮಣಿ ತಾತನ ಕಾಲದಿಂದ ಕ್ರೈಸ್ತಳು. ಚರ್ಚಿನಲ್ಲಿ ಎರಡನೇ ಬೆಂಚು ಅವಳದು. ಪರೀಕ್ಷೆಗೆ ಕೂತವಳ ಹಾಗೆ ಬಿಗಿದು ಕೂತು, ಪುಸ್ತಕ ನೋಡಿ ಹಾಡಿ, ತುಟಿ ಅಲ್ಲಾಡದಂತೆ ಪ್ರಾರ್ಥಿಸಿ ಬರುವವಳು. ಕೆಂಪಲಕ್ಷ್ಮಮ್ಮ, ಅವಳ ಗಂಡ ಪುಟ್ಟಯ್ಯ ಯೇಸುವನ್ನು ನಂಬಿ ಇನ್ನೂ ವರ್ಷ ತುಂಬಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ನೆಲದಲ್ಲೇ ಕೂರುವವರು. "ಯಪ್ಪಾ, ಯೇಸಪ್ಪಾ" ಅಂತ ಚಾವಣಿ ಹಾರುವಂತೆ ಕೂಗುವವರು. ಒಂದು ಭಾನುವಾರ ಪುಟ್ಟಯ್ಯ ತಮಟೆ ತಂದು ಹಾಡಿಗೆ ಎರಡೇಟು ಬಾರಿಸಿದ. ಲತಾಮಣಿ ತಿರುಗಿ, "ಇದೇನು ಮೆರವಣಿಗೆಯೇನ್ರೀ?" ಅಂದುಬಿಟ್ಟಳು.

ಆಮೇಲೆ ಮೂರು ಭಾನುವಾರ ಗಂಡಹೆಂಡಿರ ಸುಳಿವಿಲ್ಲ.

ಚರ್ಚಿನ ಸುಗ್ಗಿ ಹಬ್ಬದ ವಾರ ಲತಾಮಣಿ ಕುಡುಗೋಲು ಹಿಡಿದು ಅವರ ಬಾಗಿಲಿಗೆ ಹೋದಳು. "ಮುಯ್ಯಿ ತೀರ್ಸಕ್ ಬಂದೀನಿ ಕಣೇ. ಯಾವ ಹೊಲ?"

"ಕುಡುಗೋಲು ಬ್ಯಾಡ ಕಣಕ್ಕ. ಭಾನುವಾರ ಒಂದಿನ ನಮ್ ಜೊತೆ ನೆಲದ ಮ್ಯಾಲೆ ಕೂತ್ಕೊ. ನಮ್ಮನೆಯವ್ರು ಇನ್ಮೇಲೆ ಆ ಕಡೆ ತಲೆನೇ ಹಾಕಲ್ಲ ಅಂತವ್ರೆ. ನೀನು ಕೂತ್ರೆ ಬತ್ತಾರೆ."

"ನನ್ನ ಮಂಡಿ ನೋಡಿದೀಯೇನೇ?"

"ರಾಗಿ ಕುಯ್ಯೋವಾಗ ನನ್ ಸೊಂಟ ನೋಡಿದ್ಯಾ?"

ಲತಾಮಣಿ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದಳು.

ಭಾನುವಾರ ಎರಡನೇ ಬೆಂಚು ಖಾಲಿ. ಅದರ ಕಾಲು ಹಿಡಿದು, "ಅಯ್ಯೋ ದೇವರೇ" ಅಂತ ಇಡೀ ಚರ್ಚಿಗೆ ಕೇಳುವಂತೆ ಕೂಗುತ್ತಾ ಲತಾಮಣಿ ಗಂಡಹೆಂಡಿರ ಪಕ್ಕ ನೆಲಕ್ಕಿಳಿದಳು.

"ನೋಡು, ಕೂಗಕ್ಕೆ ನಿಂಗೂ ಬತ್ತದೆ," ಅಂದಳು ಕೆಂಪಲಕ್ಷ್ಮಮ್ಮ.

ಸಭೆಯ ಹಿರಿಯ ಚನ್ನಪ್ಪ ಬಗ್ಗಿ ಕೇಳಿದ, "ಏನಮ್ಮಾ, ನೀನೂ ಕೆಳಗಾ?"

"ಕೂಲಿ ಮಾಡ್ತಾ ಇದೀನಿ ಕಣಪ್ಪಾ, ಕೆಲಸ ಕೆಡಿಸಬೇಡ." ಆಮೇಲೆ ಪುಟ್ಟಯ್ಯನ ಕಡೆ ತಿರುಗಿದಳು. ಅವನು ತಮಟೆಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಿದ್ದ. "ಅಂದಿದ್ದು ತಪ್ಪಾಯ್ತಪ್ಪ. ಬಾರ್ಸು."

ಪುಟ್ಟಯ್ಯ ಬಾರಿಸಿದ. ಲತಾಮಣಿಯ ಪುಸ್ತಕ ಮಡಿಲಿಂದ ಜಾರಿತು. ಎರಡೂ ಕೈ ಚಪ್ಪಾಳೆಗೆ ಬೇಕಾಗಿದ್ದವು. ಚನ್ನಪ್ಪನ ಬೂಟುಗಾಲು ಕೂಡ ತಾಳ ಹಾಕಿತು. ಕೊನೆಗೆ ಅವಳನ್ನು ಎಬ್ಬಿಸಲು ನಾಲ್ಕು ಜನ ಬೇಕಾಯಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

"ತೀರ್ತಲ್ಲ ಮುಯ್ಯಿ?" ಅಂದಳು ಏದುಸಿರಲ್ಲಿ.

ಕೆಂಪಲಕ್ಷ್ಮಮ್ಮ ಬಿಸಿಲು ನೋಡಿದಳು. "ಇನ್ನೂ ಮಧ್ಯಾಹ್ನ ಕಣಕ್ಕ. ಅರ್ಧ ದಿನ ಬಾಕಿ ಐತೆ. ಮುಂದಿನ ಭಾನುವಾರ ಬಾ."

ಓದುತ್ತಿರುವವರೇ, ನಿಮ್ಮ ಸಭೆಗೂ ಹೊಸಬರು ಬಂದಿದ್ದಾರೆ. ಈ ಭಾನುವಾರ ಬೆಂಚು ಬಿಟ್ಟು ಅವರ ಪಕ್ಕ ನೆಲದಲ್ಲಿ ಕೂರಿ. ಮಂಡಿ ನೋವಿನ ಸಬೂಬು ಬೇಡ.