ಕುರ್ಚಿ ಎಳೆದ ಮುದುಕ

ಕಳೆದ ಭಾನುವಾರ ಶಹಾಬಾದಿನ ಕಾಲೊನಿ ಮೈದಾನದಲ್ಲಿ ಸಿನಿಮಾ ನೋಡುತ್ತಿದ್ದ ಜನ ಪರದೆ ಬಿಟ್ಟು ತಿರುಗಿ ನನ್ನ ಮುಖ ನೋಡಿದರು. ಯಾಕೆ? ಹೀರೋ ನಾನೇ?

ಅದೊಂದು ಹದಿನೈದು ನಿಮಿಷದ ನಗೆ ಪಿಕ್ಚರ್. ತಂಗಿಯ ಮಗ ಶಿವಶರಣನನ್ನು ನಾನೇ ಎಳೆದುಕೊಂಡು ಹೋಗಿದ್ದೆ. ಚಿತ್ತಾಪುರದ ಹುಡುಗಿಯ ಸಂಬಂಧ ಮುರಿದು ಒಂದು ತಿಂಗಳು. ಅವಳ ಮೇಲೆ ಹುಡುಗನಿಗೆ ಜೀವ. ಊಟ ಬಿಟ್ಟಿದ್ದ, ಗಡ್ಡವನ್ನೂ ಬಿಟ್ಟಿದ್ದ. ವಾಡಿಯಿಂದ ಸೇಡಂವರೆಗೆ ನನ್ನಷ್ಟು ನಗಿಸುವವರಿಲ್ಲ (ಜಂಬವಲ್ಲ, ವಾಡಿ ಸ್ಟೇಷನ್ನಿನಲ್ಲಿ ಯಾರನ್ನಾದರೂ ಕೇಳಿ). ಅವನ ಮುಂದೆ ಮಾತ್ರ ನನ್ನ ಆಟ ನಡೆಯಲಿಲ್ಲ.

ಸಂಬಂಧ ಮುರಿದವರು ಯಾರು? ನಾನು ತನಿಖೆ ನಡೆಸಿದ್ದೆ. ಮದುವೆ ದಲ್ಲಾಳಿ ಮೇಲೆ ಸಂಶಯ. ಶಿವಶರಣನಿಗೆ ತಮ್ಮ ಮಗಳನ್ನು ಕೊಡಬೇಕೆಂದಿದ್ದ ಸೇಡಂನವರ ಮೇಲೆ ಸಂಶಯ. ತಂಗಿಯ ನಾದಿನಿಯ ಮೇಲಂತೂ ಪಕ್ಕಾ ಸಂಶಯ.

ಪಿಕ್ಚರ್ ಶುರುವಾಯಿತು. ಹುಡುಗಿಯ ಅಪ್ಪನೆದುರು ಹೀರೋ ಕೂರಬೇಕು. ಹೀರೋ ಜೊತೆಗೆ ಬಂದಿದ್ದ ಮುದುಕ ತಮಾಷೆಗೆಂದು ಹಿಂದಿನಿಂದ ಕುರ್ಚಿ ಎಳೆದ. ಹೀರೋ ಬೀಳುತ್ತ ಮೇಜಿನ ಬಟ್ಟೆ ಹಿಡಿದ. ಬಿಸಿ ಚಹಾ ಪೂರ್ತಿ ಅಪ್ಪನ ಮಡಿಲಿಗೆ. ಸಂಬಂಧ ಖಲಾಸ್. ಆಮೇಲೆ ಹೀರೋ ಅಳುತ್ತ ಗೋಡೆಗೆ ಒರಗಿದರೆ ಹಸಿ ಬಣ್ಣ, ಕೆರೆಗೆ ಹಾರಿದರೆ ಮೊಣಕಾಲುದ್ದ ನೀರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಗಲೇ ಜನ ತಿರುಗಿದ್ದು.

ಮುಂದೆ ಕೂತಿದ್ದ ಟೇಲರ್ ಖಾಜಾಸಾಬ್ ಕೇಳಿದ: “ಕಾಕಾ, ಈ ಮುದುಕನ ಪಾರ್ಟ್ ಯಾವಾಗ ಮಾಡಿ ಬಂದ್ರಿ?”

“ನನಗೂ ಅದಕ್ಕೂ ಏನ್ ಸಂಬಂಧಪ್ಪ?”

“ಸಕ್ಕರಿ ಸುದ್ದಿ ಊರಿಗೆಲ್ಲ ಗೊತ್ತದ ತಗೋರಿ.”

ನಿಮಗೆ ಹೇಳಿರಲಿಲ್ಲವೇ? ಸಣ್ಣ ವಿಷಯ. ನಮ್ಮಲ್ಲಿ ಬೀಗರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿ. ಶಿವಶರಣನ ಸಂಬಂಧ ಗಟ್ಟಿ ಮಾಡುವ ದಿನ ಸಕ್ಕರೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟಿದ್ದರು (ತಪ್ಪು ಯಾರದು?). ಹುಡುಗಿಯ ಅಪ್ಪನ ಬಾಯಿಗೆ ನಾನು ಉಪ್ಪು ಹಾಕಿದೆ. ಎಲ್ಲರೂ ನಕ್ಕರು. ಹುಡುಗಿಯ ಅಪ್ಪನೂ ನಕ್ಕಂತೆ ಕಂಡಿತು. ಎರಡು ಲೋಟ ನೀರು ಕುಡಿದು, “ಭಾಳ ಮಜಾಕ್ ಮಾಡ್ತೀರಿ” ಅಂದರು. ನಾಲ್ಕು ದಿನಕ್ಕೆ ಕಾಗದ ಬಂತು: ಈ ವರ್ಷ ಮಗಳ ಮದುವೆ ಮಾಡುವುದಿಲ್ಲ.

ಮನೆಗೆ ನಡೆಯುತ್ತ ಕೇಳಿದೆ: “ಶಿವ್ಯಾ, ನೀನೂ ನನ್ ಮ್ಯಾಲೇ ಹಾಕ್ತಿಯೇನು?”

“ಮಾಮಾ, ಸಕ್ಕರಿ ತಿನ್ನೋ ಹೊತ್ತಿನಾಗ ಬಾಯಾಗ ಉಪ್ಪು ಬಿದ್ರ, ಆ ಮನಿಗಿ ಮಗಳನ್ನ ಯಾರ್ ಕೊಡ್ತಾರ?”

“ಮತ್ತ ಅವತ್ತೇ ಯಾಕ ಹೇಳ್ಲಿಲ್ಲ?”

“ನಿಮ್ಮ ತನಿಖಿ ಮುಗೀಲಿ ಅಂತ ಕಾಯ್ಲಿಕತ್ತಿದ್ದೆ.”

ಅವನು ನಗಲಿಲ್ಲ. ನಾನೂ ನಗಲಿಲ್ಲ (ಇದು ನನ್ನ ಆಯುಷ್ಯದಲ್ಲಿ ಅಪರೂಪ).

ನಾಳೆ ಮೊದಲ ಬಸ್ಸಿಗೆ ಚಿತ್ತಾಪುರಕ್ಕೆ ಹೊರಟಿದ್ದೇನೆ. ಕೈ ಮುಗಿಯುತ್ತೇನೆ, ಕಾಲು ಹಿಡಿ ಅಂದರೆ ಹಿಡಿಯುತ್ತೇನೆ. ಚೀಲದಲ್ಲಿ ಅಸಲಿ ಸಕ್ಕರೆಯ ಪೊಟ್ಟಣವಿದೆ. ಅದನ್ನೂ ಶಿವಶರಣ ಎರಡು ಸಲ ನೆಕ್ಕಿ ನೋಡಿಯೇ ಕಟ್ಟಿದ.

ನೀವೇ ಹೇಳಿ, ಹುಡುಗಿಯ ಅಪ್ಪ ನನ್ನೆದುರು ಇನ್ನೊಮ್ಮೆ ಬಾಯಿ ತೆರೆದಾರೇ?