ತುಕ್ಕು ತೆಗೆಯುವ ಗುನ್ವೋರ್

ಬೆಳಗಿನ ಏಳು ಗಂಟೆ. ಸ್ಟೈನ್ವಿಕ್ ಬಂದರಿನ ಮೇಲೆ ಇನ್ನೂ ನೀಲಿಗತ್ತಲು. ಮೀನು ಒಣಹಾಕುವ ಚಪ್ಪರಗಳ ಪಕ್ಕದ ಗ್ಯಾರೇಜಿನಲ್ಲಿ ಮಾತ್ರ ಆಗಲೇ ದೀಪ ಹೊತ್ತಿದೆ. ಲಿಫ್ಟಿನ ಮೇಲೇರಿ ನಿಂತ ಬಿಳಿ ವಿದ್ಯುತ್ ಕಾರಿನ ಹೊಟ್ಟೆಯಡಿ ಗುನ್ವೋರ್ ನೆಸ್ ಬಿಸಿನೀರಿನ ಪೈಪು ಹಿಡಿದು ನಿಂತಿದ್ದಾರೆ. ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ ಉಪ್ಪು, ಕಡಲಗಾಳಿ ಹೊತ್ತು ತಂದ ಉಪ್ಪು, ಎರಡೂ ಬೂದುನೀರಾಗಿ ಇಳಿಯುತ್ತವೆ. ಆ ನೀರು ತೋಳಿನೊಳಗೆ ನುಗ್ಗಿ ಅಂಗಿ ತೋಯುತ್ತಿರುವುದರ ಪರಿವೆ ಅವರಿಗಿಲ್ಲ.

"ಈ ಕಾರಿಗೆ ಉಪ್ಪೇ ಶತ್ರು" ಎನ್ನುತ್ತಾರೆ. "ನನಗೂ ಉಪ್ಪು ಆಗಲ್ಲ ಅಂತಾರೆ ಡಾಕ್ಟ್ರು. ಅದಕ್ಕೇನು, ನಾನು ಒಣಮೀನು ಬಿಟ್ಟಿಲ್ವಲ್ಲ!"

ಕಾರು ಊರಿನ ಮನೆಶುಶ್ರೂಷೆ ವಿಭಾಗದ್ದು. ನಡೆಯಲಾಗದವರ, ಸೂಜಿಮದ್ದು ಬೇಕಾದವರ ಮನೆಬಾಗಿಲಿಗೆ ದಾದಿಯರನ್ನು ಒಯ್ಯುವ ಹನ್ನೊಂದು ಕಾರುಗಳಿವೆ. ಹನ್ನೊಂದರ ಆರೈಕೆಯೂ ಗುನ್ವೋರ್ ಕೈಯಲ್ಲೇ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಬ್ಯಾಟರಿಯನ್ನು ತಂಪಾಗಿಡುವ ದ್ರವ ಇಳಿದಿದೆಯೇ, ಬ್ರೇಕಿನ ಎಣ್ಣೆಯಲ್ಲಿ ನೀರು ಸೇರಿದೆಯೇ, ಹಿಮದಲ್ಲಿ ಜಾರದಂತೆ ಟೈರಿಗೆ ಹೊಡೆದ ಮೊಳೆಗಳು ಉದುರಿವೆಯೇ, ಎಲ್ಲವನ್ನೂ ನೋಡುತ್ತಾರೆ. ಗಾಳಿ ಸೋಸುವ ಪದರವನ್ನು ಹೊರಗೆಳೆದರೆ ಅದರ ತುಂಬ ರೋಗಿಗಳ ಮನೆಯ ನಾಯಿಗಳ ಕೂದಲು. "ಯಾರ ಮನೆ ನಾಯಿ ಅಂತ ಬಣ್ಣ ನೋಡೇ ಹೇಳ್ತೀನಿ" ಎಂದು ನಗುತ್ತಾರೆ.

ಐವತ್ತೇಳರ ಗುನ್ವೋರ್ ಹುಟ್ಟಾ ಕಾರಿನವರಲ್ಲ. ಮೂರು ದಶಕ ದೋಣಿ ರಿಪೇರಿ ಮಾಡುವ ಕಟ್ಟೆಯಲ್ಲಿ ಡೀಸೆಲ್ ಎಂಜಿನ್‌ಗಳ ನಡುವೆ ಪಳಗಿದ ಕೈ. ದೋಣಿಕಟ್ಟೆ ಮುಚ್ಚಿದಾಗ ಬದುಕು ಬಟಾಬಯಲಾಯಿತು. ಗಂಡ ಆಗಲೇ ತೀರಿಹೋಗಿದ್ದರು. ಊರು ಬಿಡುವ ಮನಸ್ಸಿಲ್ಲ. ವಿದ್ಯುತ್ ಕಾರಿನ ಕೆಲಸ ಕಲಿಯಲು ಹೊರಟಾಗ ಬಂದರಿನ ಗಂಡಸರಿಗೆ ಅದೊಂದು ತಮಾಷೆ. "ಎಣ್ಣೆ ಇಲ್ಲ, ಹೊಗೆ ಇಲ್ಲ, ಅದರಲ್ಲೇನೇ ರಿಪೇರಿ ಮಾಡ್ತೀಯ? ಗಾಜು ಒರೆಸೋಕೆ ಹೋಗ್ತೀಯಾ?" ಎಂದು ಕಾಡಿದ್ದರು. ಹೈವೋಲ್ಟೇಜ್ ವಿದ್ಯುತ್ ಹರಿಯುವ ಕಿತ್ತಳೆ ಬಣ್ಣದ ದಪ್ಪ ತಂತಿಯ ಮುಂದೆ ಮೊದಲ ದಿನ ನಿಂತಾಗ ಎರಡು ಹೆಜ್ಜೆ ಹಿಂದೆ ಸರಿದಿದ್ದರಂತೆ. "ಎಂಜಿನ್ ಕೆಟ್ಟಿದ್ರೆ ಕೂಗಾಡಿ ಹೇಳುತ್ತೆ. ಇದು ಸದ್ದೇ ಮಾಡಲ್ಲ, ಮುಟ್ಟಿದ್ರೆ ಮುಗೀತು. ಭಯ ಆಗದೇ ಇರುತ್ಯೇ?" ಭಯ ಇಂದಿಗೂ ಪೂರ್ತಿ ಹೋಗಿಲ್ಲ. ಹೋಗಬಾರದು ಎನ್ನುವುದೇ ಅವರ ಮಾತು.

ಊರು ಅವರನ್ನು ಗಮನಿಸಲು ಕಾರಣರಾದವರು ಸಿಲ್ಯೆ ಎಂಬ ದಾದಿ, ಅದೂ ಒಂದು ಜಗಳದ ಮೂಲಕ. ಜನವರಿಯ ಒಂದು ಬೆಳಿಗ್ಗೆ ಕಾರು ಒಯ್ಯಲು ಬಂದ ಸಿಲ್ಯೆಗೆ ಸಿಕ್ಕಿದ್ದು ನಾಲ್ಕೂ ಚಕ್ರ ಬಿಚ್ಚಿಟ್ಟ ಕಾರು.

"ಚೆನ್ನಾಗೇ ಓಡ್ತಿತ್ತಲ್ಲೇ! ಸರ್ವಿಸ್ ಮಾಡು ಅಂದ್ರೆ ಕಿತ್ತು ಹರಡ್ಕೊಂಡು ಕೂತಿದ್ದೀಯಲ್ಲ. ಯೂಸ್ತೈನ್ ಅಜ್ಜ ಸೂಜಿಗೆ ಕಾಯ್ತಾ ಇರ್ತಾನೆ, ತಿಂಡಿ ಕೂಡ ತಿಂದಿರಲ್ಲ."

"ಓಡೋದು ಓಡುತ್ತೆ ಕಣೇ, ನಿಲ್ಲಬೇಕಲ್ಲ. ಹಿಂದಿನ ಬ್ರೇಕು ತುಕ್ಕು ಹಿಡಿದು ಕಚ್ಕೊಂಡಿದೆ."

"ನಾನು ಬ್ರೇಕ್ ಒತ್ತೋದೇ ಇಲ್ಲ. ಕಾಲೆತ್ತಿದ್ರೆ ಸಾಕು, ತಾನೇ ನಿಲ್ಲುತ್ತೆ."

"ಅದಕ್ಕೇ ತುಕ್ಕು ಹಿಡಿದಿರೋದು!"

ವಿದ್ಯುತ್ ಕಾರಿನ ಗುಣವೇ ಅದು. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಮೋಟರೇ ವೇಗವನ್ನು ತಗ್ಗಿಸಿ, ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ರೇಕಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಬ್ಬಿಣವನ್ನು ಉಪ್ಪು ಸುಮ್ಮನೆ ಬಿಡುವುದಿಲ್ಲ. ಗುನ್ವೋರ್ ಜಗಳ ಬೆಳೆಸಲಿಲ್ಲ. ತಮ್ಮ ಹಳೆಯ ಡೀಸೆಲ್ ವ್ಯಾನಿನ ಕೀಲಿಯನ್ನು ಸಿಲ್ಯೆಯ ಕೈಗಿಟ್ಟರು. ಆ ದಿನವೆಲ್ಲ ಸಿಲ್ಯೆ ಹೋದಲ್ಲೆಲ್ಲ ಆ ವ್ಯಾನಿನ ಮೀನಿನ ವಾಸನೆ. ಯೂಸ್ತೈನ್ ಅಜ್ಜ ಬಾಗಿಲಲ್ಲೇ ಮೂಗು ಹಿಡಿದು, "ಸೂಜಿ ತಂದ್ಯೋ, ಮೀನು ತಂದ್ಯೋ?" ಎಂದನಂತೆ. ಇತ್ತ ಗುನ್ವೋರ್ ಊಟ ಮರೆತು ತುಕ್ಕು ಕೆರೆದರು, ಬ್ರೇಕಿನೊಳಗೆ ಅಂಟಿಕೊಂಡ ಸರಳುಗಳನ್ನು ಬಿಡಿಸಿ ಗ್ರೀಸ್ ಸವರಿದರು, ಹೊಸ ಪ್ಯಾಡ್ ಕೂರಿಸಿದರು.

ಅದಾಗಿ ಕೆಲವು ದಿನಕ್ಕೆ ಚಳಿ ಮೂಳೆಗಿಳಿಯಿತು. ಸಿಲ್ಯೆಯ ಮನೆ ಗುಡ್ಡದ ನೆತ್ತಿಯಲ್ಲಿದೆ. ರಾತ್ರಿಯಿಡೀ ಚಾರ್ಜ್ ಆಗಿ ತುಂಬಿದ ಬ್ಯಾಟರಿಯೊಂದಿಗೆ ಆಕೆ ಇಳಿಜಾರಿಗಿಳಿದರು. ಬ್ಯಾಟರಿ ತುಂಬಿ, ಜೊತೆಗೆ ಚಳಿಗೆ ಮರಗಟ್ಟಿದ್ದರೆ ಮರಳಿ ಬರುವ ಶಕ್ತಿಗೆ ಅದರಲ್ಲಿ ಜಾಗವಿರುವುದಿಲ್ಲ. ಮೋಟರು ಕಾರನ್ನು ತಡೆಯುವುದಿಲ್ಲ. ತಿರುವು ದಾಟಿದರೆ ಎದುರಿಗೆ ಶಿಶುವಿಹಾರದ ಮಕ್ಕಳು. ಹಳದಿ ಮೇಲಂಗಿ ತೊಟ್ಟು, ಒಂದೇ ಹಗ್ಗ ಹಿಡಿದು ರಸ್ತೆ ದಾಟುತ್ತಿದ್ದಾರೆ.

"ಕಾಲೆತ್ತಿದೆ. ಕಾರು ನಿಧಾನ ಆಗ್ಲೇ ಇಲ್ಲ" ಎಂದು ನೆನೆಯುವಾಗ ಸಿಲ್ಯೆಯ ದನಿ ಇಂದಿಗೂ ತಗ್ಗುತ್ತದೆ. "ಎದ್ದು ನಿಂತ ಹಾಗೆ ಬ್ರೇಕ್ ತುಳಿದೆ. ಕಾಲಡಿ ಪೆಡಲು ಗಡಗಡ ನಡುಗ್ತು. ನಿಂತೇಬಿಡ್ತು. ಕೊನೇಲಿದ್ದ ಪುಟಾಣಿ ನನ್ನ ನೋಡಿ ಕೈ ಬೀಸ್ತು. ಅದಕ್ಕೇನೂ ಗೊತ್ತೇ ಇಲ್ಲ. ನಾನು ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ."

ಅಂದು ಮಧ್ಯಾಹ್ನ ಸಿಲ್ಯೆ ಗ್ಯಾರೇಜಿಗೆ ಬಂದರು, ಕೈಯಲ್ಲಿ ಬಿಸಿ ವಾಫಲ್, ಕಂದು ಚೀಸ್. ಗುನ್ವೋರ್ ಅವರನ್ನು ಗ್ರೀಸ್ ಮೆತ್ತಿದ ಅಂಗಿಯ ಸಮೇತ ತಬ್ಬಿಕೊಂಡರು. "ಬಿಡೇ, ಸಮವಸ್ತ್ರ ಕೊಳೆಯಾಗುತ್ತೆ" ಎಂದರಂತೆ ಗುನ್ವೋರ್. ಆಕೆ ಬಿಡಲಿಲ್ಲವಂತೆ. ಸುದ್ದಿ ಹಬ್ಬಿತು. ಮರುವಾರ ಶಿಶುವಿಹಾರದ ಮಕ್ಕಳು ಸಾಲಾಗಿ ಬಂದು ಗ್ಯಾರೇಜಿನ ಮುಂದೆ ಹಾಡಿದರು. ಅಂದು ತಮಾಷೆ ಮಾಡಿದ್ದ ಬಂದರಿನವರಲ್ಲೊಬ್ಬರು ಸದ್ದಿಲ್ಲದೆ ತಮ್ಮ ಕಾರನ್ನೂ ತಂದು ನಿಲ್ಲಿಸಿ ಹೋದರು.

"ನನ್ನದೇನಿದೆ ಅದರಲ್ಲಿ?" ಗುನ್ವೋರ್ ಕಾಫಿ ಬಗ್ಗಿಸುತ್ತ ಕೇಳುತ್ತಾರೆ. "ನಮ್ಮನೆಯವರು ಹಾಸಿಗೆ ಹಿಡಿದಿದ್ದಾಗ ಈ ದಾದಿಯರು ಬಿರುಗಾಳೀಲೂ ಬಂದಿದ್ದಾರೆ, ಕೊನೇ ದಿನದ ತನಕ. ಆಗೆಲ್ಲ ನಾನು ಬಾಗಿಲು ತೆಗೆದು ಥ್ಯಾಂಕ್ಸ್ ಅಂದಿದ್ದಷ್ಟೇ. ಈಗ ಕೈಯಲ್ಲಿ ಹೇಳ್ತಿದ್ದೀನಿ, ಅಷ್ಟೇ."

ಅವರಿಗೊಂದು ಆಸೆಯಿದೆ. ಇಷ್ಟು ಕಾರುಗಳನ್ನು ನೋಡಿಕೊಂಡರೂ ಚರ್ಚಿನ ತನಕ ಓಡಿಸಿ ಪರೀಕ್ಷಿಸಿ ಮರಳುವುದೇ ಅವರ ಪ್ರಯಾಣ. ಒಮ್ಮೆಯೂ ಪಕ್ಕದ ಸೀಟಿನಲ್ಲಿ ಕೂತಿಲ್ಲ.

"ಬೇಸಿಗೇಲಿ ಕಡಲಂಚಿನ ದೀಪಸ್ತಂಭದ ತನಕ ಕರ್ಕೊಂಡು ಹೋಗ್ತೀನಿ ಅಂದಿದ್ದಾಳೆ ಸಿಲ್ಯೆ. ಅವಳು ಓಡಿಸ್ಲಿ, ನಾನು ಕಿಟಕೀಲಿ ಸಮುದ್ರ ನೋಡ್ತೀನಿ" ಎನ್ನುತ್ತಾರೆ. ಕಾಫಿ ಕಪ್ ಕೆಳಗಿಟ್ಟು, ಮುಂದಿನ ಕಾರಿನತ್ತ ಹೊರಟವರು ತಿರುಗಿ ನಿಂತು ಸೇರಿಸುತ್ತಾರೆ: "ಇಳಿಜಾರು ಬಂದಾಗ್ಲೂ ಸಮುದ್ರಾನೇ ನೋಡ್ತಿರ್ತೀನಿ."