ಸಂಪಿಗೆ ಕೊಯ್ಯುವ ಕೋಲು

ನಮ್ಮ ಮನೆಯಲ್ಲಿ ಹೂ ಕೊಯ್ಯಲೆಂದೇ ಒಂದು ಬಿದಿರಿನ ಕೋಲಿತ್ತು. ಕೊಕ್ಕಡದ ಕಡೆ ಯಾವುದೋ ರಬ್ಬರ್ ತೋಟದ ಬಂಗಲೆ ಖಾಲಿ ಮಾಡುವಾಗ ಮಾವ ತಂದದ್ದಂತೆ. ತುದಿಗೆ ಹೋಗುತ್ತ ಸಪೂರವಾಗುವ, ನಡುವೆ ಬಿಚ್ಚಿ ಎರಡು ಮಾಡಬಹುದಾದ ಕೋಲು. ಉದ್ದಕ್ಕೂ ಪುಟ್ಟ ಪುಟ್ಟ ತಂತಿಯ ಬಳೆಗಳು. ಅತ್ತೆ ಅವುಗಳೊಳಗೆ ದಾರ ತೂರಿಸಿ ತುದಿಯಲ್ಲೊಂದು ಕುಣಿಕೆ ಮಾಡಿದ್ದರು. ಸಂಪಿಗೆಯ ತೊಟ್ಟಿಗೆ ಕುಣಿಕೆ ಹಾಕಿ ಕೆಳಗಿನಿಂದ ದಾರ ಎಳೆದರೆ ಹೂ ಬುಟ್ಟಿಗೆ ಬೀಳುತ್ತಿತ್ತು. ಇದನ್ನು ಮಾಡಿದವನು ಪುಣ್ಯಾತ್ಮ ಎಂದು ಅತ್ತೆ ಎಷ್ಟು ಸಲ ಹೇಳಿದ್ದರೋ. ಆ ಹೂವೇ ದಿನಾ ವೇಣೂರಿನ ಬಸದಿಗೆ ಹೋಗುತ್ತಿತ್ತು.

ಅತ್ತೆಯ ಭುಜ ಸೋತ ಮೇಲೆ ಕೋಲು ನನ್ನ ಕೈಗೆ ಬಂತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ನನಗೆ ತಾಳ್ಮೆ ಕಡಿಮೆ. ಒಂದು ಬೆಳಗ್ಗೆ ಜೋರಾಗಿ ಎಳೆದೆ, ತುದಿ ಲಟಕ್ಕೆಂದಿತು. ಅತ್ತೆ ಬೈಯಲಿಲ್ಲ. ಬಸದಿಗೆ ಸಂಪಿಗೆ ಹೋಗದ ಆ ದಿನ ಅರ್ಧ ಊಟಕ್ಕೇ ಎದ್ದುಬಿಟ್ಟರು. "ಹೇಗಾದ್ರೂ ಸರಿ ಮಾಡಿಸು ಮಗಾ" ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಬಡಗಿಗಳು ಕೈ ಚೆಲ್ಲಿದರು. ಕೊನೆಗೆ ಫರಂಗಿಪೇಟೆಯಲ್ಲಿ ಒಬ್ಬರಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ ಬಸ್ಸು ಹತ್ತಿದೆ. ಗಲ್ಫಿನಿಂದ ಮರಳಿ ಬಂದ ಬ್ಯಾರಿ ಸಾಹೇಬರು. ಅಂಗಡಿಯ ಗೋಡೆ ತುಂಬ ಮೀನು ಹಿಡಿಯುವ ಸಾಮಾನು. ಬಿದಿರು ಎಲ್ಲಿದ್ದರೂ ಬಿದಿರೇ ಅಲ್ಲವೇ ಎಂದು ಒಳಗೆ ಹೋದೆ.

ಅವರು ಕೋಲಿನ ಮುರಿದ ಬಾಯಿ ನೋಡಿ ಹುಬ್ಬೇರಿಸಿದರು. ಅದು ಒಂದೇ ಬಿದಿರಲ್ಲ, ಆರು ಸೀಳುಗಳನ್ನು ಕೂದಲೆಳೆ ಸಂದಿಲ್ಲದೆ ಅಂಟಿಸಿದ್ದು. ಮಾವ ಬಳಿದ ಹಸಿರು ಬಣ್ಣವನ್ನು ಅವರು ಸ್ಪಿರಿಟ್‌ನಲ್ಲಿ ಉಜ್ಜಿದಾಗ ಕೆಂಪು ರೇಷ್ಮೆ ನೂಲಿನ ಸುತ್ತುಗಳೂ ಮಾಸಿದ ಇಂಗ್ಲಿಷ್ ಅಕ್ಷರಗಳೂ ಕಂಡವು. ಹಿಡಿಕೆಗೆ ಮಾವ ಸುತ್ತಿದ್ದ ಬಟ್ಟೆ ಬಿಚ್ಚಿದರು. ಅದರಡಿ, ಒಂದು ಸಣ್ಣ ಬಳೆಗೆ ಸಿಕ್ಕಿಸಿಟ್ಟ ತುಕ್ಕು ಹಿಡಿದ ಕೊಕ್ಕೆ. ಕೊಕ್ಕೆಗೆ ಇನ್ನೂ ನಾಲ್ಕು ಎಳೆ ಪುಕ್ಕ ಅಂಟಿತ್ತು.

"ಟೀಚರೇ, ಇದು ಬ್ರಿಟಿಷರ ಮೀನಿನ ಗಾಳ," ಎಂದರು ಸಾಹೇಬರು. ಕಣ್ಣು ಹೊಳೆಯುತ್ತಿತ್ತು. "ಪುಕ್ಕದಲ್ಲಿ ನೊಣದ ಹಾಗೆ ಮಾಡಿ ಕೊಕ್ಕೆಗೆ ಕಟ್ಟಿ ಎಸೆಯುದು. ಎರೆಹುಳವನ್ನೂ ಕೊಲ್ಲುದಿಲ್ಲ ನೋಡಿ."

ನನ್ನನ್ನು ಸಮಾಧಾನ ಮಾಡಲೆಂದೇ ಹಾಗೆಂದರು, ಪಾಪ. ಈರುಳ್ಳಿಯನ್ನೇ ಒಳಗೆ ಬಿಡದ ಜೈನರ ಮನೆ ನಮ್ಮದು. ಅತ್ತೆ ಆ ಕೋಲನ್ನು ದೇವರ ಕೋಣೆಯ ಬಾಗಿಲಿಗೇ ಒರಗಿಸಿಡುತ್ತಿದ್ದರು. ಎದ್ದು ಬಂದುಬಿಡಬೇಕಿತ್ತು. ಆದರೆ ಬಸದಿಗೆ ಹೂ ನಿಂತದ್ದು ನೆನಪಾಗಿ, ತುದಿ ಮಾತ್ರ ಜೋಡಿಸಿ, ಉಳಿದದ್ದು ಮುಟ್ಟಬೇಡಿ ಎಂದು ಹೇಳಿ ಬಂದೆ.

ಅವರು ಕೇಳಬೇಕಲ್ಲ! ಒಂದು ತಿಂಗಳು ಬಿಟ್ಟು ಹೋದಾಗ ಕೋಲು ಜೇನಿನ ಬಣ್ಣಕ್ಕೆ ತಿರುಗಿತ್ತು. ಹೊಸ ರೇಷ್ಮೆ ನೂಲು, ಮೂರು ಕೈ ವಾರ್ನಿಷ್.

"ಎಸೆದು ನೋಡದೆ ಜೋಡಣೆ ನಿಲ್ತದಾ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಬನ್ನಿ, ಹೊಳೆಗೆ ಹೋಗುವ," ಎಂದರು.

ನೇತ್ರಾವತಿಯ ದಂಡೆಯಲ್ಲಿ ಅವರು ಗಾಳದ ನೂಲು, ಪುಕ್ಕದ ಕೊಕ್ಕೆ ಕಟ್ಟಿ ಎರಡು ಸಲ ಎಸೆದು ಕೋಲನ್ನು ನನಗೆ ಕೊಟ್ಟರು. ಪರೀಕ್ಷೆ ಎಂದರೆ ಹಿಂದೆ ಸರಿಯುವ ಜಾತಿ ನಾನಲ್ಲ. ಎಸೆದೆ. ನೂಲು ಗಾಳಿಯಲ್ಲಿ ಬಿಚ್ಚಿಕೊಂಡು ನೀರ ಮೇಲೆ ಮೆತ್ತಗೆ ಕೂತಿತು. ಮರುಕ್ಷಣ ಯಾರೋ ಒಳಗಿನಿಂದ ಜಗ್ಗಿದರು. ಕೋಲು ಬಾಗಿತು, ಜೋಡಣೆ ನಿಂತಿತು. ನನ್ನ ಮಣಿಕಟ್ಟು ತಾನಾಗಿ ಕೋಲನ್ನು ಮೇಲಕ್ಕೆ ಸೆಳೆಯಿತು. ಗೇಣುದ್ದದ ಬೆಳ್ಳಿ ಮೀನು. ಬಾಯಿಂದ "ಬಂತು!" ಎಂಬ ಕೂಗು ಹೊರಟಿತು, ನನ್ನದೇ ಬಾಯಿಂದ.

ಸಾಹೇಬರು ಕೊಕ್ಕೆ ಬಿಡಿಸಿ ಅದನ್ನು ನೀರಿಗೆ ಬಿಟ್ಟರು. ಅದು ಒಂದು ಗಳಿಗೆ ವಾಲಿಕೊಂಡಿದ್ದು, ಆಮೇಲೆ ಈಜಿ ಹೋಯಿತು. ನಾನು ದಂಡೆಯಲ್ಲೇ ಕುಳಿತುಬಿಟ್ಟೆ. ಅರವತ್ತು ದಾಟಿದ ಮೇಲೆ ನನ್ನ ಕೈಯ ಪರಿಚಯ ನನಗೇ ಹೊಸದಾಗಿ ಆಗಿತ್ತು.

ಮನೆ ಮುಟ್ಟುವಾಗ ಹೊತ್ತು ಮುಳುಗಲು ಸ್ವಲ್ಪ ಇತ್ತು. ಅತ್ತೆ ಊಟಕ್ಕೆ ಕಾದಿದ್ದರು. ಸುಳ್ಳು ಹೇಳುವ ಎಂದೇ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಊಟಕ್ಕೆ ಕೂತು ಅವರ ಮುಖ ನೋಡಿದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟೆ. ಅವರ ಕೈ ತಟ್ಟೆಯಲ್ಲೇ ನಿಂತಿತು.

"ಮೀನು ಬದುಕಿತಾ?"

"ಬದುಕಿತು ಅತ್ತೆ. ಈಜಿ ಹೋಯ್ತು."

"ಮತ್ಯಾಕೆ ತುತ್ತು ಎತ್ತದೆ ಕೂತಿದ್ದೀ?"

"ಎಳೆದಾಗ ನನಗೆ ಖುಷಿಯಾಯ್ತು ಅತ್ತೆ."

ಅವರು ತಟ್ಟೆ ಸರಿಸಿ ಎದ್ದರು. ಹೊರಗೆ ಕತ್ತಲಾಗುತ್ತ ಬಂದಿತ್ತು, ಹೊತ್ತು ಮುಳುಗಿದ ಮೇಲೆ ಉಣ್ಣದ ಅವರಿಗೆ ಇನ್ನು ಊಟವಿಲ್ಲ. ದೇವರ ಕೋಣೆಯ ಬಾಗಿಲಲ್ಲಿ ನಿಂತು ಕೋಲನ್ನು ಕೆಳಗಿನಿಂದ ತುದಿಯವರೆಗೆ ಸವರಿದರು.

"ಕೋಲು ಇಲ್ಲೇ ಇರ್ಲಿ. ಇಲ್ಲಿದ್ರೆ ಹೂವನ್ನೇ ಕೊಯ್ತದೆ," ಎಂದರು. "ನಿನ್ನ ಕೈಗೆ ಮಾತ್ರ ಬೇಡ."

ಮರುದಿನ ಬೆಳಗ್ಗೆ ಅವರೇ ಬಳೆಗಳಿಗೆ ದಾರ ತೂರಿಸಿದರು. ಸೋತ ಭುಜವನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು ಕೊಯ್ದರು. ನಾನು ಕೆಳಗೆ ಬುಟ್ಟಿ ಹಿಡಿದು ನಿಂತಿದ್ದೆ. ಕುಣಿಕೆ ಬಿಗಿಯಿತು, ಕೋಲು ಬಾಗಿತು. ಬುಟ್ಟಿ ಹಿಡಿದಿದ್ದ ನನ್ನ ಮಣಿಕಟ್ಟು, ಹೊಳೆಯಲ್ಲಿ ಸೆಳೆದ ಹಾಗೆಯೇ, ಪಟ್ಟನೆ ಮೇಲಕ್ಕೆ ಸೆಳೆಯಿತು. ಅತ್ತೆ ಅದನ್ನು ನೋಡಿದರು.